ನಿದ್ದೆ ತಡೆಯುವ ಗುಳಿಗೆ ಬಿಟ್ಟಾಗ ಏನಾಗುತ್ತದೆ, ಏನು ಮಾಡಬೇಕು?

ಧಾರವಾಡದ ಸಪ್ತಾಪುರದ ಕಡೆ ರಾತ್ರಿ ಒಂದು ಗಂಟೆಗೆ ಹೋದರೂ ಪರೀಕ್ಷೆಗೆ ಓದುವ ಹುಡುಗರ ಕೋಣೆಗಳಲ್ಲಿ ದೀಪ ಉರಿಯುತ್ತಿರುತ್ತದೆ. ಹುಬ್ಬಳ್ಳಿಯಲ್ಲಂತೂ ರೈಲ್ವೆ, ಆಸ್ಪತ್ರೆ, ಲಾರಿ ಸಾಗಣೆ ಅಂತ ರಾತ್ರಿ ಪಾಳಿಯವರು ಓಣಿಗೊಬ್ಬರಾದರೂ ಸಿಗುತ್ತಾರೆ. ಇಂಥ ಊರಲ್ಲಿ ಎಚ್ಚರ ಇರಿಸುವ ಗುಳಿಗೆಯ ಮಾತು ಬಂದೇ ಬರುತ್ತದೆ. ಕೆಲವರಿಗೆ ವೈದ್ಯರೇ ಅದನ್ನು ಬರೆದುಕೊಟ್ಟಿರುತ್ತಾರೆ, ಅದಕ್ಕೆ ಸರಿಯಾದ ಕಾರಣವೂ ಇರುತ್ತದೆ. ಇನ್ನು ಕೆಲವರಿಗೆ ಪಕ್ಕದ ಕೋಣೆಯ ಗೆಳೆಯ ಕೊಟ್ಟಿರುತ್ತಾನೆ. ಇಬ್ಬರೂ ಒಂದಲ್ಲ ಒಂದು ದಿನ ಅದನ್ನು ಬಿಡುತ್ತಾರೆ. ಆಗ ಕೇಳುವ ಪ್ರಶ್ನೆ ಮಾತ್ರ ಒಂದೇ: "ಗುಳಿಗಿ ಬಿಟ್ಟಾಗಿಂದ ಕುಂತಲ್ಲೇ ತೂಕಡಿಕಿ ಬರಾಕತ್ತೈತ್ರಿ. ಚಟ ಆಗೇತೇನ್ರಿ ನನಗ?"

ಬಹಳ ಸಲ ಉತ್ತರ "ಇಲ್ಲ" ಅಂತಲೇ. ಆದರೆ ಹಾಗಿದ್ದರೆ ಆ ತೂಕಡಿಕೆ ಎಲ್ಲಿಂದ ಬಂತು ಅನ್ನುವುದು ತಿಳಿಯದೆ ಹೋದರೆ, ಜನ ಸುಮ್ನೆ ಹೆದರಿ ಮತ್ತೆ ಗುಳಿಗೆಗೆ ಕೈ ಹಾಕುತ್ತಾರೆ.

ಯಾವ ಗುಳಿಗೆಯ ಮಾತಿದು?

ವೈದ್ಯರು ಹೆಚ್ಚಾಗಿ ಬರೆಯುವ ಎಚ್ಚರದ ಔಷಧಿ ಮೊಡಾಫಿನಿಲ್. ಆರ್ಮೊಡಾಫಿನಿಲ್ ಅದರದೇ ಇನ್ನೊಂದು ರೂಪ. ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಸಿಗುತ್ತದೆ. ಒಳಗಿರುವುದು ಯಾವುದು ಅಂತ ತಿಳಿಯಲು ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಬೇಕು. ವೈದ್ಯರ ಚೀಟಿ ಇಲ್ಲದೆ ಕೊಳ್ಳುವ ಔಷಧಿ ಇದಲ್ಲ.

1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಔಷಧಿ ಇದು. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಾರ್ಕೊಲೆಪ್ಸಿ ಅನ್ನುವ ಕಾಯಿಲೆಗೆ. ಈ ಕಾಯಿಲೆ ಇದ್ದವರಿಗೆ ರಾತ್ರಿ ಎಷ್ಟು ಮಲಗಿದರೂ ಹಗಲಲ್ಲಿ ತಡೆಯಲಾಗದ ನಿದ್ದೆ ಬರುತ್ತದೆ. ಮಾತಾಡುತ್ತಾ ಇರುವಾಗಲೇ ಕಣ್ಣು ಮುಚ್ಚಬಹುದು. ಮುಂದೆ ಇನ್ನೆರಡು ತೊಂದರೆಗಳಿಗೂ ಇದನ್ನು ಬಳಸಲು ಶುರು ಮಾಡಿದರು. ಒಂದು, ಪಾಳಿ ಕೆಲಸದಿಂದ ಹದಗೆಟ್ಟ ನಿದ್ದೆ. ಇನ್ನೊಂದು, ಸ್ಲೀಪ್ ಆಪ್ನಿಯಾ, ಅಂದರೆ ಗೊರಕೆಯ ನಡುವೆ ಆಗಾಗ ಉಸಿರು ಕಟ್ಟುವ ತೊಂದರೆ. ಇದಕ್ಕೆ ಮಲಗುವಾಗ ಗಾಳಿ ಊದುವ ಮಾಸ್ಕ್ ಹಾಕಿ ಚಿಕಿತ್ಸೆ ಕೊಟ್ಟ ಮೇಲೂ ಹಗಲು ನಿದ್ದೆ ಉಳಿದರೆ ಮಾತ್ರ ಈ ಗುಳಿಗೆ. ಯುರೋಪಿನ ಔಷಧ ಸಂಸ್ಥೆ 2010ರಲ್ಲಿ, ನಾರ್ಕೊಲೆಪ್ಸಿಗೆ ಬಿಟ್ಟು ಬೇರೆ ಯಾವುದಕ್ಕೂ ಇದು ಬೇಡ ಅಂದಿತು. ಕ್ರೀಡಾಪಟುಗಳಿಗೆ 2004ರಿಂದಲೇ ನಿಷೇಧ ಇದೆ.

ಮಿಥೈಲ್‌ಫೆನಿಡೇಟ್, ಆಂಫೆಟಮಿನ್ ಥರದ ಔಷಧಿಗಳೂ ಎಚ್ಚರ ಇರಿಸುತ್ತವೆ. ಅವುಗಳ ಸೆಳೆತ ಜಾಸ್ತಿ, ಬಿಡುವಾಗಿನ ಕುಸಿತವೂ ಜಾಸ್ತಿ. ಮುಂದೆ ಹೇಳುವುದೆಲ್ಲ ಮೊಡಾಫಿನಿಲ್ ಗುಂಪಿನ ಬಗ್ಗೆ ಮಾತ್ರ.

ಗುಳಿಗೆ ಮಾಡುವ ಕೆಲಸ

ನಾವು ಎದ್ದ ಕ್ಷಣದಿಂದ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿ ಆದಷ್ಟೂ ಕಣ್ಣು ಎಳೆಯುತ್ತದೆ. ಅದನ್ನು ಇಳಿಸುವ ದಾರಿ ಒಂದೇ, ಮಲಗುವುದು. ಇದರ ಜೊತೆಗೆ ದೇಹದಲ್ಲಿ ಒಂದು ಗಡಿಯಾರವೂ ಇದೆ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಅದು ನಮ್ಮನ್ನು ತೀರಾ ಮಂಕು ಮಾಡುತ್ತದೆ. ಮಧ್ಯಾಹ್ನವೂ ಒಂದು ಸಣ್ಣ ಜೊಂಪು ತರುತ್ತದೆ. ಅದಕ್ಕೆ ರೊಟ್ಟಿ ಊಟವನ್ನು ಬೈಯುತ್ತೇವೆ, ಆದರೆ ಉಪವಾಸ ಇದ್ದವರಿಗೂ ಆ ಜೊಂಪು ಬರುತ್ತದೆ.

ಮೊಡಾಫಿನಿಲ್ ಈ ಎರಡರ ತಂಟೆಗೂ ಹೋಗುವುದಿಲ್ಲ. ಅದು ಡೋಪಮಿನ್ ಅನ್ನುವ ಇನ್ನೊಂದು ರಾಸಾಯನಿಕವನ್ನು ಮಿದುಳಿನ ಕೋಶಗಳು ಬೇಗ ವಾಪಸ್ ಹೀರಿಕೊಳ್ಳದಂತೆ ತಡೆಯುತ್ತದೆ. ಎಚ್ಚರಕ್ಕೆ ಬೇಕಾದ ಹಿಸ್ಟಮಿನ್, ಒರೆಕ್ಸಿನ್ ದಾರಿಗಳೂ ಚುರುಕಾಗುತ್ತವೆ. ಎಚ್ಚರದ ಕಡೆ ಬಲ ಬರುತ್ತದೆ, ನಿದ್ದೆಯ ಒತ್ತಡ ಮಾತ್ರ ಇದ್ದಲ್ಲೇ ಇರುತ್ತದೆ.

ಓಣಿಯ ಕಿರಾಣಿ ಅಂಗಡಿಯ ಉದ್ರಿ ಖಾತೆ ಗೊತ್ತಲ್ವಾ? ಈ ಗುಳಿಗೆ ಉದ್ರಿ ತೀರಿಸುವುದಿಲ್ಲ. ಅಂಗಡಿಯವ ಮನೆ ಬಾಗಿಲಿಗೆ ಬರದಂತೆ ತಡೆದು ನಿಲ್ಲಿಸುತ್ತದೆ ಅಷ್ಟೇ. ಖಾತೆಯಲ್ಲಿ ಬರೆದದ್ದು ಬರೆದೇ ಇರುತ್ತದೆ. ತಡೆಯುವವ ಬಾಗಿಲು ಬಿಟ್ಟು ಹೋದ ದಿನ ಅಂಗಡಿಯವ ನೇರ ಒಳಗೆ ಬರುತ್ತಾನೆ. ಒಂದು ಸಮಾಧಾನ ಏನಂದರೆ, ನಿದ್ದೆಯ ಬಾಕಿಯನ್ನು ಗಂಟೆಗೆ ಗಂಟೆ ಲೆಕ್ಕ ಹಾಕಿ ಕೊಡಬೇಕಾಗಿಲ್ಲ. ನಿದ್ದೆಗೆಟ್ಟ ದೇಹ ಮಲಗಲು ಸಿಕ್ಕಾಗ ಜಾಸ್ತಿ ಆಳವಾಗಿ ಮಲಗುತ್ತದೆ, ಬೇಗ ಸುಧಾರಿಸಿಕೊಳ್ಳುತ್ತದೆ.

ಬಿಟ್ಟಾಗ ಬರುವುದು ಒಂದಲ್ಲ, ಮೂರು

ಇಲ್ಲೇ ಜನ ಗೊಂದಲ ಮಾಡಿಕೊಳ್ಳುವುದು. ಗುಳಿಗೆ ನಿಂತ ಮೇಲೆ ಬರುವ ಎಲ್ಲ ಕಷ್ಟವನ್ನೂ ವಿತ್‌ಡ್ರಾವಲ್ ಅಂತ ಒಂದೇ ಗಂಟಿಗೆ ಕಟ್ಟುತ್ತಾರೆ. ಗಂಟು ಬಿಚ್ಚಿ ನೋಡಿದರೆ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದೊಂದಕ್ಕೂ ಪರಿಹಾರ ಬೇರೆ.

ಮೊದಲನೆಯದು ಹಳೆಯ ಕಾಯಿಲೆ ಮರಳುವುದು. ನಾರ್ಕೊಲೆಪ್ಸಿ ಇದ್ದವರಿಗೆ ಗುಳಿಗೆ ಕಾಯಿಲೆಯನ್ನು ಗುಣ ಮಾಡಿರುವುದಿಲ್ಲ, ಮುಚ್ಚಿಟ್ಟಿರುತ್ತದೆ. ತೆಗೆದ ಕೂಡಲೇ ಅದು ಮೊದಲಿದ್ದ ಹಾಗೇ ಕಾಣಿಸುತ್ತದೆ. ಆಪ್ನಿಯಾದಲ್ಲೂ ಅಷ್ಟೇ. ಗುಳಿಗೆ ಗಂಟಲಿನ ದಾರಿಯನ್ನು ತೆರೆಯುವುದಿಲ್ಲ, ಉಸಿರು ಕಟ್ಟುವುದು ರಾತ್ರಿಯಿಡೀ ನಡೆದೇ ಇರುತ್ತದೆ. "ಹಗಲಿಗೆ ಎಚ್ಚರ ಇರ್ತದಲ್ಲ" ಅಂತ ಮಾಸ್ಕ್ ಬಿಟ್ಟು ಗುಳಿಗೆ ಮಾತ್ರ ಇಟ್ಟುಕೊಳ್ಳುವವರಿದ್ದಾರೆ. ಬಿಡುವುದಾದರೆ ಗುಳಿಗೆ ಬಿಡಬೇಕು, ಮಾಸ್ಕ್ ಅಲ್ಲ.

ಎರಡನೆಯದು ಮೇಲೆ ಹೇಳಿದ ಬಾಕಿ. ಕಾಯಿಲೆ ಏನೂ ಇಲ್ಲದೆ, ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಮಲಗಿ ಗುಳಿಗೆಯ ಬಲದಲ್ಲಿ ಓದಿದವರಿಗೆ ಬರುವುದು ಹೆಚ್ಚಾಗಿ ಇದೇ. ಇದಕ್ಕೆ ಔಷಧಿ ಬೇಕಿಲ್ಲ, ಹಾಸಿಗೆ ಬೇಕು.

ಮೂರನೆಯದು ನಿಜವಾದ ವಿತ್‌ಡ್ರಾವಲ್. ಔಷಧಿಗೆ ಒಗ್ಗಿಕೊಂಡ ಮಿದುಳು ಅದು ಇಲ್ಲದಾಗ ತಡಕಾಡುವುದು. ಮೊಡಾಫಿನಿಲ್‌ನಲ್ಲಿ ಇದು ಇಲ್ಲವೇ ಇಲ್ಲ ಅನ್ನಲಾಗದು, ಆದರೆ ಕಡಿಮೆ. ಅಮೆರಿಕದಲ್ಲಿ ಈ ಔಷಧಿಯ ಜೊತೆ ಕೊಡುವ ಅಧಿಕೃತ ಮಾಹಿತಿಯಲ್ಲಿ ಒಂದು ಪ್ರಯೋಗದ ವಿವರ ಇದೆ. 9 ವಾರ ಔಷಧಿ ಕೊಟ್ಟು ನಿಲ್ಲಿಸಿ, 14 ದಿನ ಗಮನಿಸಿದರು. ವಿತ್‌ಡ್ರಾವಲ್ ಅನ್ನಬಹುದಾದ ಲಕ್ಷಣಗಳು ಕಾಣಲಿಲ್ಲ. ನಾರ್ಕೊಲೆಪ್ಸಿ ಇದ್ದವರಿಗೆ ನಿದ್ದೆ ಮರಳಿತು, ಅಷ್ಟೇ. ಹಾಗಂತ ವೈದ್ಯರು ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನುಂಗಿ, ಬಿಡಲಾಗದೆ ಒದ್ದಾಡಿದವರ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ದೀರ್ಘ ಕಾಲ ತೆಗೆದುಕೊಂಡು ಬಿಟ್ಟವರು ಹೇಳುವುದು ಸುಸ್ತು, ಗಮನ ನಿಲ್ಲದಿರುವುದು, ಸಿಡಿಮಿಡಿ, ಮನಸ್ಸು ಕುಗ್ಗುವುದು. ಹಸಿವು ಜಾಸ್ತಿ ಆಯಿತು ಅನ್ನುವವರೂ ಇದ್ದಾರೆ. ಇದರಲ್ಲಿ ಹೆದರುವುದೇನಿಲ್ಲ. ಗುಳಿಗೆ ಹಸಿವನ್ನು ಅದುಮಿಟ್ಟಿತ್ತು, ಈಗ ಬಿಟ್ಟಿದೆ.

ಇದು ಯಾವುದು ಅಂತ ಗುರುತಿಸುವುದು ಹೇಗೆ? ಗುಳಿಗೆ ಶುರು ಮಾಡುವ ಮೊದಲು ಹೇಗಿದ್ದಿರಿ ಅಂತ ನೆನಪಿಸಿಕೊಳ್ಳಿ. ಈಗಿನ ನಿದ್ದೆ ಆಗಿನ ಹಾಗೇ ಇದ್ದು, ವಾರಗಳು ಕಳೆದರೂ ಕಡಿಮೆ ಆಗದಿದ್ದರೆ ಅದು ಹಳೆಯ ಕಾಯಿಲೆ. ಚೆನ್ನಾಗಿ ಮಲಗಲು ಸಿಕ್ಕ ಮೇಲೆ ದಿನದಿಂದ ದಿನಕ್ಕೆ ಇಳಿದರೆ ಅದು ಬಾಕಿ. ಮೊದಲು ಎಂದೂ ಇರದ ಸಿಡುಕು, ಬೇಸರ, ಗುಳಿಗೆ ಬೇಕೇ ಬೇಕು ಅನ್ನುವ ಸೆಳೆತ ಹೊಸದಾಗಿ ಬಂದಿದ್ದರೆ ಮೂರನೆಯದರ ಅನುಮಾನ ಪಡಬೇಕು. ಇನ್ನು ಬರೀ ತಲೆನೋವು ಬಂದವರು ಚಹಾದ ಲೆಕ್ಕವನ್ನೂ ನೋಡಿಕೊಳ್ಳಬೇಕು. ಗುಳಿಗೆಯ ಜೊತೆಗೇ "ಇನ್ನು ಚಹಾನೂ ಬಿಡ್ತೀನಿ" ಅಂತ ಹಟ ಹಿಡಿದರೆ, ಚಹಾ ನಿಂತ 12ರಿಂದ 24 ಗಂಟೆಯೊಳಗೆ ಕೆಫಿನ್ ತಲೆನೋವು ಶುರುವಾಗುತ್ತದೆ. ಬೈಗುಳ ಮಾತ್ರ ಗುಳಿಗೆಗೆ.

ದೇಹದಿಂದ ಪೂರ್ತಿ ಹೋಗಲು ಎಷ್ಟು ಹೊತ್ತು?

ಮೊಡಾಫಿನಿಲ್‌ನ ಅರ್ಧಾಯುಷ್ಯ ಸುಮಾರು 15 ಗಂಟೆ. ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಅಷ್ಟು ಹೊತ್ತು ಬೇಕು. ಬೆಳಗ್ಗೆ 8ಕ್ಕೆ 200 ಮಿ.ಗ್ರಾಂ. ನುಂಗಿದರೆ ರಾತ್ರಿ 11ಕ್ಕೂ ಅರ್ಧದಷ್ಟು ಉಳಿದೇ ಇರುತ್ತದೆ. ಗುಳಿಗೆಯನ್ನು ಮಧ್ಯಾಹ್ನ ತೆಗೆದುಕೊಂಡರೆ ರಾತ್ರಿ ಹೊರಳಾಡುವುದು ಇದಕ್ಕೇ.

ಇಂಥ ಐದು ಸುತ್ತು ಮುಗಿದರೆ ಔಷಧಿ ಬಹುತೇಕ ಹೋದ ಹಾಗೆ. ಲೆಕ್ಕ ಹಾಕಿದರೆ ಸುಮಾರು ಮೂರು ದಿನ. ಕೊನೆಯ ಗುಳಿಗೆಯ ಮರುದಿನ "ಏನೂ ಆಗಲೇ ಇಲ್ಲ" ಅನ್ನಿಸಿ, ಆಮೇಲೆ ಎರಡನೇ ಮೂರನೇ ದಿನ ಒಮ್ಮೆಲೇ ಕಣ್ಣು ಎಳೆಯುವುದು ಈ ಕಾರಣಕ್ಕೆ. ಲಿವರ್ ತೊಂದರೆ ಇದ್ದವರಲ್ಲಿ, ವಯಸ್ಸಾದವರಲ್ಲಿ ಇದು ಇನ್ನೂ ನಿಧಾನ.

ಒಮ್ಮೆಗೇ ಬಿಡುವುದೋ, ಇಳಿಸುತ್ತಾ ಬಿಡುವುದೋ?

ರಾತ್ರಿ ನಿದ್ದೆಗೆ ಕೊಡುವ ಕೆಲವು ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ ಇದೆ. ಮೊಡಾಫಿನಿಲ್‌ಗೆ ಅಂಥ ಭಯ ಇಲ್ಲ. ಹಾಗಾಗಿ ಕಡ್ಡಾಯವಾಗಿ ಇಳಿಸುತ್ತಲೇ ಬಿಡಬೇಕು ಅನ್ನುವ ನಿಯಮವೂ ಇಲ್ಲ. ಆದರೂ ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಅನೇಕ ವೈದ್ಯರು ಪ್ರಮಾಣವನ್ನು ಮೊದಲು ಅರ್ಧ ಮಾಡಿ, ಕೆಲವು ದಿನ ನೋಡಿ, ಆಮೇಲೆ ನಿಲ್ಲಿಸುತ್ತಾರೆ. ಕೆಲಸ, ಮನೆ ನಡೆಸಿಕೊಂಡು ಹೋಗುವುದು ಹಾಗೆ ಸುಲಭ. ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಬರೆದುಕೊಟ್ಟ ವೈದ್ಯರೇ ಅದನ್ನು ಹೇಳಬೇಕು.

ನಾರ್ಕೊಲೆಪ್ಸಿ ಇದ್ದವರಿಗೆ ಒಂದು ಮಾತು. ಬಿಡುವುದೇ ದೊಡ್ಡ ಸಾಧನೆ ಅಂತ ಅಂದುಕೊಳ್ಳಬೇಡಿ. ಬಿಪಿ ಗುಳಿಗೆಯ ಹಾಗೆ ಇದನ್ನೂ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದವರಿದ್ದಾರೆ. ಬಿಡಲೇಬೇಕಾದ ಸಂದರ್ಭಗಳೂ ಇವೆ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು ಅನ್ನುವ ಎಚ್ಚರಿಕೆ ಇರುವುದರಿಂದ, ಮಗು ಬೇಕು ಅಂತ ಯೋಚಿಸುವವರು ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಮೈಮೇಲೆ ಗುಳ್ಳೆ, ಬಾಯಿ ಹುಣ್ಣು, ಜ್ವರ ಒಟ್ಟಿಗೆ ಬಂದರೆ ಕೂಡಲೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಅಪರೂಪ, ಆದರೆ ಜೀವಕ್ಕೇ ಅಪಾಯ. ನಿದ್ದೆಯ ಪರೀಕ್ಷೆ ಮಾಡುವ ಮುನ್ನವೂ ಎರಡು ವಾರದ ಹಾಗೆ ನಿಲ್ಲಿಸಲು ಹೇಳುತ್ತಾರೆ, ಇಲ್ಲದಿದ್ದರೆ ಫಲಿತಾಂಶ ಸರಿ ಬರುವುದಿಲ್ಲ.

ಮೊದಲ ವಾರ ದಾಟುವುದು

ಎಲ್ಲಕ್ಕಿಂತ ಮೊದಲು ಗಾಡಿಯ ಕೀಲಿ ಮನೆಯವರ ಕೈಗೆ ಕೊಡಿ. ನಿದ್ದೆಗಣ್ಣಲ್ಲಿ ಕೆಲವು ಸೆಕೆಂಡ್ ಮಿದುಳು ಮಲಗಿಬಿಡುತ್ತದೆ, ಕಣ್ಣು ತೆರೆದೇ ಇರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಅಂದರೆ 50 ಮೀಟರ್. ಹುಬ್ಬಳ್ಳಿ-ಧಾರವಾಡ ನಡುವೆ ದಿನಾ ಬೈಕಿನಲ್ಲಿ ಓಡಾಡುವವರು ಆ ವಾರ ಚಿಗರಿ ಬಸ್ ಹತ್ತಿದರೆ ಏನೂ ಕಳೆದುಕೊಳ್ಳುವುದಿಲ್ಲ. ಕುಂತು ತೂಕಡಿಸಲೂಬಹುದು. ಲಾರಿ, ಬಸ್ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ರಜೆ ನೋಡಿಕೊಂಡೇ ಬಿಡುವ ದಿನ ಗೊತ್ತು ಮಾಡಬೇಕು.

ಏಳುವ ಹೊತ್ತನ್ನು ಒಂದೇ ಮಾಡಿ, ಭಾನುವಾರವೂ. ಮಲಗುವ ಹೊತ್ತು ತಾನಾಗಿಯೇ ಹಿಂದೆ ಬರುತ್ತದೆ. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿಗೆ ಹೋಗಿ. ಉಣಕಲ್ ಕೆರೆ ಸುತ್ತಲೋ, ಕೆಸಿಡಿ ಮೈದಾನದಲ್ಲೋ, ಅದೂ ಆಗದಿದ್ದರೆ ಮನೆಯ ಮಾಳಿಗೆ ಮೇಲೆ. ಒಳಗಿನ ಟ್ಯೂಬ್‌ಲೈಟ್ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಮೋಡ ಮುಸುಕಿದ ಹೊರಗಿನ ಬೆಳಕು ಸಾವಿರಗಳ ಲೆಕ್ಕದಲ್ಲಿರುತ್ತದೆ. ಧಾರವಾಡದ ಮಳೆಗಾಲವೂ ಇದಕ್ಕೆ ನೆಪ ಆಗುವುದಿಲ್ಲ. ದೇಹದ ಗಡಿಯಾರ ಸರಿಯಾಗಲು ಬೇಕಾದ ಸೂಚನೆ ಈ ಬೆಳಕೇ.

ಮಧ್ಯಾಹ್ನ 20 ನಿಮಿಷ ಮಲಗಬಹುದು, ಅಲಾರಂ ಇಟ್ಟು. ಒಂದು ಗಂಟೆ ಮಲಗಿದರೆ ಆಳದ ನಿದ್ದೆಯಿಂದ ಏಳುವಾಗ ತಲೆ ಇನ್ನೂ ಭಾರ ಆಗುತ್ತದೆ. ಚಹಾ ಮೊದಲಿನಷ್ಟೇ ಇರಲಿ, ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಮಧ್ಯಾಹ್ನ ಎರಡು ಗಂಟೆಯ ನಂತರ ಮಾತ್ರ ಬೇಡ. ಕೆಫಿನ್ ಅರ್ಧಕ್ಕೆ ಇಳಿಯಲೇ ಐದಾರು ಗಂಟೆ ತಗೊಳ್ಳುತ್ತದೆ. ಕುಡಿತ ಬೇಡ. ನೆಗಡಿಗೆ ಅಂತ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆಗಳಲ್ಲೂ ನಿದ್ದೆ ಬರಿಸುವ ಅಂಶ ಇರುತ್ತದೆ, ಆ ವಾರ ಅವೂ ಬೇಡ.

ರಾತ್ರಿ ಪಾಳಿಯವರ ಕಷ್ಟ ಬೇರೆ ಥರದ್ದು. ಅವರಿಗೆ ಬೆಳಗಿನ ಬೆಳಕೇ ಶತ್ರು. ನನಗೆ ಗೊತ್ತಿರುವ ಒಬ್ಬ ನರ್ಸ್ ಅಕ್ಕ ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕುತ್ತಾರೆ. ಮಲಗುವ ಕೋಣೆಯ ಕಿಟಕಿಗೆ ಹಳೆಯ ಕೊಡೆಯ ಕರಿ ಬಟ್ಟೆ ಬಿಚ್ಚಿ ಮೊಳೆ ಹೊಡೆದಿದ್ದಾರೆ. ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ "ನೈಟ್ ಡ್ಯೂಟಿ ಐತಿ, ಬೆಲ್ ಒತ್ತಬ್ಯಾಡ್ರಿ" ಅಂತ ಬರೆದಿದ್ದಾರೆ, ಹಾಲಿನವರಿಗೂ ಕೊರಿಯರ್‌ನವರಿಗೂ ಸೇರಿ. ಅತ್ತೆಗೆ ಮೊದಮೊದಲು ಸಿಟ್ಟು ಬಂದಿತ್ತಂತೆ, ಹಗಲೆಲ್ಲ ಸೊಸೆ ಮಲಗಿರುತ್ತಾಳೆ ಅಂತ. ಪಾಳಿಗೆ ಹೋಗುವ ಮುನ್ನ ಸಂಜೆ ಒಂದು ಗಂಟೆ ಮಲಗುವುದನ್ನೂ ಅವರು ತಪ್ಪಿಸುವುದಿಲ್ಲ. ಗುಳಿಗೆ ಬಿಟ್ಟ ಮೇಲೆ ಅವರನ್ನು ನಿಲ್ಲಿಸಿದ್ದು ಇಂಥ ಸಣ್ಣ ಏರ್ಪಾಡುಗಳೇ. ಕೆಲಸದ ಕಡೆ ಕೇಳಿ, ಸಾಲಾಗಿ ಬರುವ ರಾತ್ರಿ ಪಾಳಿಗಳನ್ನು ಕಡಿಮೆ ಮಾಡಿಸಿಕೊಳ್ಳಲು ಆದರೆ ಇನ್ನೂ ಒಳ್ಳೆಯದು.

ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ದಿನಾ ಒಂದು ಸಾಲು ಬರೆಯಿರಿ. "ಮಲಗಿದ್ದು 11, ಎದ್ದದ್ದು 6:30, ಮೂರಕ್ಕೆ ತೂಕಡಿಕೆ, ಚಹಾ 2" ಇಷ್ಟು ಸಾಕು. ಜೊತೆಗೆ ಎಪ್‌ವರ್ತ್ ಅನ್ನುವ ಪ್ರಶ್ನಾವಳಿ ಇದೆ, 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾಡಿದ್ದು. ಟಿವಿ ನೋಡುವಾಗ, ಊಟ ಆಗಿ ಕೂತಾಗ, ಬಸ್ಸಿನಲ್ಲಿ ಹೋಗುವಾಗ ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಸುವ ಸಂಭವ ಎಷ್ಟು ಅಂತ 0ಯಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 10ಕ್ಕಿಂತ ಮೇಲೆ ಹೋದರೆ ಹಗಲು ನಿದ್ದೆ ಜಾಸ್ತಿ ಅಂತ ಅರ್ಥ. ವಾರಕ್ಕೊಮ್ಮೆ ಹಾಕಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಕಣ್ಣಿಗೇ ಕಾಣುತ್ತದೆ.

ಜೊತೆಗೆ ತೆಗೆದುಕೊಳ್ಳುವ ಬೇರೆ ಔಷಧಿಗಳು

ಇದನ್ನು ಹೇಳುವವರು ಕಡಿಮೆ, ಹಾಗಾಗಿ ಒತ್ತಿ ಹೇಳುತ್ತೇನೆ. ಮೊಡಾಫಿನಿಲ್ ಲಿವರ್‌ನ ಕೆಲಸವನ್ನು ಬದಲಿಸುತ್ತದೆ. ಗರ್ಭ ನಿಲ್ಲದಿರಲು ತೆಗೆದುಕೊಳ್ಳುವ ಹಾರ್ಮೋನ್ ಗುಳಿಗೆಗಳ ಬಲ ಇದರಿಂದ ಕಡಿಮೆ ಆಗುತ್ತದೆ. ಅದು ಬಿಟ್ಟ ದಿನವೇ ಸರಿ ಹೋಗುವುದಿಲ್ಲ. ಬಿಟ್ಟ ಮೇಲೂ ಒಂದು ತಿಂಗಳು ಕಾಂಡೋಮ್ ಥರದ ಬೇರೆ ಉಪಾಯ ಬೇಕು.

ಫಿಟ್ಸ್‌ಗೆ ಫೆನಿಟೋಯಿನ್, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್, ಕಿಡ್ನಿ ಕಸಿ ಆದವರಿಗೆ ಸೈಕ್ಲೋಸ್ಪೊರಿನ್ ಕೊಡುತ್ತಾರೆ. ಎಚ್ಚರದ ಗುಳಿಗೆ ನಿಂತಾಗ ಇವುಗಳ ಮಟ್ಟವೂ ರಕ್ತದಲ್ಲಿ ಏರುಪೇರಾಗಬಹುದು. ಆ ವೈದ್ಯರಿಗೂ ತಿಳಿಸಿ, ರಕ್ತ ಪರೀಕ್ಷೆ ಬೇಕಾಗಬಹುದು.

ಕೆಲವು ನಾರ್ಕೊಲೆಪ್ಸಿ ರೋಗಿಗಳಿಗೆ ನಕ್ಕರೆ, ಸಿಟ್ಟಾದರೆ ಮೊಣಕಾಲು ಕುಸಿಯುವ ತೊಂದರೆ ಇರುತ್ತದೆ. ಅದಕ್ಕೆ ಖಿನ್ನತೆಯ ಗುಳಿಗೆ ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಬಿಡುವ ಸಾಹಸ ಬೇಡ. ಖಿನ್ನತೆಯ ಗುಳಿಗೆ ಒಮ್ಮೆಲೇ ನಿಂತರೆ ಆ ಕುಸಿತ ಮೊದಲಿಗಿಂತ ಜೋರಾಗಿ ಬರುತ್ತದೆ.

ಚೀಟಿ ಇಲ್ಲದೆ ತೆಗೆದುಕೊಂಡ ಹುಡುಗರಿಗೆ

ಕೆಎಎಸ್, ಪಿಎಸ್ಐ ಅಂತ ಓದುವ ತಮ್ಮ ತಂಗಿಯರೇ, ನಿಮಗೆ ಬೈಯುವ ಲೇಖನ ಅಲ್ಲ ಇದು. ಒಂದು ಸಂಗತಿ ಮಾತ್ರ ಗೊತ್ತಿರಲಿ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವ ಕೆಲಸ ಬಹಳಷ್ಟು ನಡೆಯುವುದು ನಿದ್ದೆಯಲ್ಲಿ. ಗುಳಿಗೆ ಪುಸ್ತಕದ ಮುಂದೆ ಕೂರಿಸುತ್ತದೆ, ಆ ಕೆಲಸವನ್ನು ಮಾಡಿಕೊಡುವುದಿಲ್ಲ. 200 ಸಾಲದು ಅಂತ 400 ನುಂಗುವವರೂ ಇದ್ದಾರೆ. ಅದರಿಂದ ಹೆಚ್ಚಿನ ಲಾಭ ಇದೆ ಅನ್ನಲು ಗಟ್ಟಿ ಆಧಾರ ಇಲ್ಲ ಅಂತ ಔಷಧಿಯ ಮಾಹಿತಿಯೇ ಹೇಳುತ್ತದೆ.

ಬಿಡುವ ದಿನ ಪರೀಕ್ಷೆಯ ಹಿಂದಿನ ವಾರ ಆಗಬಾರದು, ಒಂದು ತಿಂಗಳಾದರೂ ಮೊದಲು ಇರಲಿ. ಬಿಟ್ಟ ಮೊದಲ ದಿನಗಳಲ್ಲಿ ಎಂಟೊಂಬತ್ತು ಗಂಟೆ ನಿದ್ದೆ ಬಂದರೆ ಮಲಗಿ, ಅದು ಸೋಮಾರಿತನ ಅಲ್ಲ. ವೈದ್ಯರ ಹತ್ತಿರ ಹೋದರೆ ಚೀಟಿ ಇಲ್ಲದೆ ತೆಗೆದುಕೊಂಡೆ ಅಂತ ಇದ್ದದ್ದು ಇದ್ದ ಹಾಗೇ ಹೇಳಿ. ಎಷ್ಟು, ಎಷ್ಟು ದಿನ ಅನ್ನುವುದು ಗೊತ್ತಾದರೆ ಅವರ ಕೆಲಸ ಅರ್ಧ ಸುಲಭ.

ಯಾವಾಗ, ಯಾರ ಹತ್ತಿರ?

ಎರಡು ವಾರ ಚೆನ್ನಾಗಿ ಮಲಗಿದ ಮೇಲೂ ಹಗಲಲ್ಲಿ ಕಣ್ಣು ಮುಚ್ಚುತ್ತಿದ್ದರೆ ನಿದ್ದೆಯ ಮೂಲ ಹುಡುಕಬೇಕು. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಅಂತ ಮನೆಯವರು ಹೇಳಿದರೆ ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ವೈದ್ಯರು. ನಗುವಾಗ ಕಾಲು ಕುಸಿದರೆ ನರರೋಗ ತಜ್ಞರು. ಇದ್ಯಾವುದೂ ಇಲ್ಲದಿದ್ದರೆ ಥೈರಾಯಿಡ್, ರಕ್ತಹೀನತೆ ಪರೀಕ್ಷೆ ಮೊದಲು ಮಾಡಿಸಿ. ನಮ್ಮ ಕಡೆಯ ಹೆಣ್ಣುಮಕ್ಕಳ ಸುಸ್ತಿನ ಹಿಂದೆ ಎಷ್ಟೋ ಸಲ ರಕ್ತ ಕಡಿಮೆ ಇರುವುದೇ ಕಾರಣ. ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಬಹುದು.

ಮನಸ್ಸು ಕುಗ್ಗುವುದು ಎರಡು ವಾರಕ್ಕೂ ಇಳಿಯದಿದ್ದರೆ, ಗುಳಿಗೆಯ ಸೆಳೆತ ಕೈ ಮೀರಿದರೆ, ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ. ಅದೇ ಹೊತ್ತಿಗೆ ಮನೆಯವರಿಗೆ ಹೇಳಿ, ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ವೈದ್ಯರ ಹತ್ತಿರ ಹೋಗುವಾಗ ಆ ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಹೋಗಿ, ಮಿಕ್ಕ ಗುಳಿಗೆಯ ಸ್ಟ್ರಿಪ್ಪನ್ನೂ ತೋರಿಸಿ. ಅದನ್ನು ಗೆಳೆಯರಿಗೆ ಹಂಚಬೇಡಿ.